ಮೂರು ಕಾಪಿ ಇಟ್ಟಿದ್ರೂ ಸಿಸ್ಟಂ ಬೀಳೋದ್ಯಾಕೆ?

2025ರ ಅಕ್ಟೋಬರ್ 20ರಂದು ಅಮೆಜಾನ್ ಕ್ಲೌಡ್‌ನ ಉತ್ತರ ವರ್ಜೀನಿಯಾ ರೀಜನ್ ಕೈಕೊಟ್ಟು, ಎಲ್ಲೆಲ್ಲೋ ಇರೋ ಆಪ್‌ಗಳು ಗೇಮ್‌ಗಳು ಬ್ಯಾಂಕ್ ಸೈಟ್‌ಗಳು ಒಟ್ಟಿಗೆ ಮಕಾಡೆ ಮಲಗಿದಾಗ ಎಲ್ರೂ ಕೇಳಿದ್ದು ಒಂದೇ, ಇಷ್ಟು ದೊಡ್ಡ ಕಂಪನಿ ಬ್ಯಾಕಪ್ ಇಟ್ಕೊಂಡಿರ್ಲಿಲ್ವಾ ಅಂತ. ಇಟ್ಕೊಂಡಿತ್ತು. ಎಡವಟ್ಟು ಶುರುವಾದ ಆ ಪ್ರೋಗ್ರಾಂ ಮೂರು ಬೇರೆ ಬೇರೆ ಅವೈಲಬಿಲಿಟಿ ಝೋನ್‌ಗಳಲ್ಲಿ, ಅಂದ್ರೆ ಒಂದೇ ರೀಜನ್ನಿನ ಬೇರೆ ಬೇರೆ ಡೇಟಾ ಸೆಂಟರ್ ಗುಂಪುಗಳಲ್ಲಿ, ಮೂರು ಕಾಪಿಯಾಗಿ ಓಡ್ತಿತ್ತು, ಒಂದು ಸತ್ರೆ ಇನ್ನೊಂದು ನೋಡ್ಕೊಳ್ಳಲಿ ಅಂತಾನೇ. ಆವತ್ತು ಒಂದೂ ಸಾಯ್ಲಿಲ್ಲ, ಒಂದು ಸ್ವಲ್ಪ ನಿಧಾನ ಆಯ್ತು ಅಷ್ಟೇ. ಅಷ್ಟಕ್ಕೇ ಹದಿನಾಲ್ಕು ಗಂಟೆಗೂ ಮೀರಿದ ಪರದಾಟ.

ಈಗಿನ ದೊಡ್ಡ ದೊಡ್ಡ ಔಟೇಜ್‌ಗಳ, ಅಂದ್ರೆ ಸೇವೆ ನಿಂತೋದ ಘಟನೆಗಳ ರಿಪೋರ್ಟ್ ಓದ್ತಾ ಹೋದ್ರೆ ಇದೇ ಕಥೆ ಮತ್ತೆ ಮತ್ತೆ ಸಿಗುತ್ತೆ. ಡಿಸ್ಕ್ ಹೋಯ್ತು, ಫ್ಯಾನ್ ನಿಂತೋಯ್ತು, ಕರೆಂಟ್ ಹೋಯ್ತು ಅನ್ನೋದನ್ನೆಲ್ಲ ತಡ್ಕೊಳ್ಳೋದು ನಮಗೆ ಗೊತ್ತು, ದಿನಾ ಡೇಟಾ ಸೆಂಟರ್‌ಗಳಲ್ಲಿ ಲೆಕ್ಕ ಇಲ್ದಷ್ಟು ಡಿಸ್ಕ್‌ಗಳು ಕೆಡ್ತಾನೇ ಇರುತ್ವೆ, ಯಾರಿಗೂ ಗೊತ್ತೂ ಆಗಲ್ಲ. ಸಿಸ್ಟಂ ಬೀಳೋದು ಬೇರೆ ಕಡೆಯಿಂದ: ಎಲ್ಲ ಕಾಪಿಗಳಲ್ಲೂ ಇರೋ ಒಂದೇ ತಪ್ಪಿಂದ, ಅಥವಾ ಕಾಪಿಗಳನ್ನ ಕಾಯೋಕೆ ಅಂತ ಇಟ್ಟ ವ್ಯವಸ್ಥೆಯಿಂದಲೇ.

ಇದು ಹೆಂಗೆ ಹಿಂಗಾಯ್ತು ಅಂತ ತಿಳೀಬೇಕಂದ್ರೆ ಸ್ವಲ್ಪ ಹಿಂದೆ ಹೋಗ್ಬೇಕು. ಮೊದಮೊದಲ ಕಂಪ್ಯೂಟರ್‌ಗಳಲ್ಲಿ ಸಾವಿರಗಟ್ಟಲೆ ವ್ಯಾಕ್ಯೂಮ್ ಟ್ಯೂಬು, ರಿಲೇ, ಯಾವುದು ಯಾವಾಗ ಕೆಡುತ್ತೋ ಹೇಳೋ ಹಾಗಿರ್ಲಿಲ್ಲ. ನಂಬೋಕಾಗದ ಬಿಡಿಭಾಗಗಳನ್ನಿಟ್ಕೊಂಡು ನಂಬಬಹುದಾದ ಮೆಷಿನ್ ಕಟ್ಟೋಕಾಗುತ್ತಾ ಅನ್ನೋದನ್ನ ಜಾನ್ ವಾನ್ ನಾಯ್ಮನ್ ಗಣಿತದಲ್ಲಿ ಕೂತು ನೋಡಿದ್ರು, ಆ ಪೇಪರ್ 1956ರಲ್ಲಿ ಪ್ರಕಟ ಆಯ್ತು. ಉತ್ತರ, ಆಗುತ್ತೆ, ಒಂದೇ ಕೆಲಸವನ್ನ ಹಲವರ ಕೈಲಿ ಮಾಡಿಸಿ ಬಹುಮತ ತಗೊಳ್ಳಿ ಅಂತ. 1957ರಲ್ಲಿ ಪ್ರಾಗ್‌ನಲ್ಲಿ ಅಂತೋನಿನ್ ಸ್ವೋಬೊಡಾ ತಂಡ ಕಟ್ಟಿದ ಸಾಪೋ ಅನ್ನೋ ರಿಲೇ ಕಂಪ್ಯೂಟರ್‌ನಲ್ಲಿ ಲೆಕ್ಕ ಮಾಡೋ ಘಟಕಗಳು ಮೂರಿದ್ವು, ಮೂರರ ಉತ್ತರ ಹೋಲಿಸಿ ಎರಡು ಹೇಳಿದ್ದನ್ನ ಒಪ್ಕೊಳ್ಳೋದು. ಚಂದ್ರನ ಕಡೆ ಹೋದ ಸ್ಯಾಟರ್ನ್-5 ರಾಕೆಟ್‌ನ ಗೈಡೆನ್ಸ್ ಕಂಪ್ಯೂಟರಿನ ಲಾಜಿಕ್ಕೂ ಇದೇ ಥರ, ಪ್ರತಿ ಹಂತದಲ್ಲೂ ಮೂರು ಸರ್ಕ್ಯೂಟ್, ಮಧ್ಯೆ ಮಧ್ಯೆ ವೋಟರ್‌ಗಳು, ಅಂದ್ರೆ ಮೂರರ ಉತ್ತರ ಹೋಲಿಸಿ ಬಹುಮತ ಆರಿಸೋ ಸರ್ಕ್ಯೂಟ್‌ಗಳು. ಹಂತ ಹಂತಕ್ಕೂ ವೋಟ್ ಹಾಕ್ಸೋದ್ರಿಂದ ಒಂದು ಹಂತದಲ್ಲಿ ಒಂದು ಸರ್ಕ್ಯೂಟು, ಇನ್ನೊಂದು ಹಂತದಲ್ಲಿ ಇನ್ನೊಂದು ಕೆಟ್ರೂ ರಾಕೆಟ್‌ಗೆ ಗೊತ್ತೇ ಆಗಲ್ಲ. ಸರಿ, ವೋಟ್ ಎಣಿಸೋನೇ ಕೆಟ್ರೆ? ಅದಕ್ಕೇ ವೋಟರ್‌ಗಳನ್ನೂ ಮೂರು ಮೂರು ಇಡೋದು.

ಇಲ್ಲಿ ಒಂದು ತಿರುವು ಇದೆ, ನನಗೆ ಬಹಳ ಇಷ್ಟವಾದದ್ದು. ಕೆಟ್ಟ ಭಾಗ ಎಲ್ರಿಗೂ ಒಂದೇ ತಪ್ಪು ಉತ್ತರ ಕೊಟ್ರೆ ಮೂರು ಸಾಕು. ಒಬ್ರಿಗೊಂದು ಇನ್ನೊಬ್ರಿಗೊಂದು ಹೇಳಿದ್ರೆ? ಕೆಟ್ಟ ಗಡಿಯಾರವೊಂದು ಒಂದು ಕಂಪ್ಯೂಟರ್‌ಗೆ ಒಂದು ಟೈಮು ಇನ್ನೊಂದಕ್ಕೆ ಬೇರೆ ಟೈಮು ಕಳಿಸ್ತಿದೆ ಅಂದ್ಕೊಳ್ಳಿ. ಆ ಎರಡೂ ಕಂಪ್ಯೂಟರ್ ತಮ್ಮೊಳಗೆ ಮಾತಾಡ್ಕೊಂಡ್ರೆ, ನಂಗೆ ಹೀಗಂದ್ರು, ಇಲ್ಲ ನಂಗೆ ಹಾಗಂದ್ರು ಅಂತ ಗೊತ್ತಾಗುತ್ತೆ, ಆದ್ರೆ ಸುಳ್ಳು ಹೇಳ್ತಿರೋದು ಗಡಿಯಾರನಾ ಅಥವಾ ಪಕ್ಕದವನಾ ಅಂತ ತೀರ್ಮಾನ ಮಾಡೋಕೆ ದಾರಿನೇ ಇಲ್ಲ. ಲ್ಯಾಂಪೋರ್ಟ್, ಶೋಸ್ಟಾಕ್, ಪೀಸ್ ಅನ್ನೋ ಮೂವರು ಇದನ್ನ ಸಾಬೀತು ಮಾಡಿದ್ರು, 1982ರ ಅವರ ಪೇಪರ್‌ನಿಂದ ಈ ಸಮಸ್ಯೆಗೆ ಬೈಝಾಂಟೈನ್ ಅನ್ನೋ ಹೆಸರು ನಿಂತ್ಕೊಂಡಿತು. ಒಬ್ಬ ಎರಡು ನಾಲಿಗೆಯವನನ್ನ ತಡ್ಕೋಬೇಕಂದ್ರೆ ಒಟ್ಟು ನಾಲ್ವರು ಬೇಕು, ಇಬ್ಬರನ್ನ ತಡ್ಕೋಬೇಕಂದ್ರೆ ಏಳು. ಈಗಲೂ ಎಷ್ಟೋ ಬ್ಲಾಕ್‌ಚೈನ್‌ಗಳು ಇದೇ ಲೆಕ್ಕದ ಮೇಲೆ ನಿಂತಿವೆ.

ಆದ್ರೆ ಇಷ್ಟೆಲ್ಲದರ ಹಿಂದೆ ಒಂದು ನಂಬಿಕೆ ಅಡಗಿದೆ. ಒಂದು ಸರ್ವರ್ ನೂರರಲ್ಲಿ ಒಂದು ಪಾಲು ಸಮಯ ಕೆಟ್ಟಿರುತ್ತೆ ಅಂದ್ರೆ, ಎರಡು ಇಟ್ರೆ ಎರಡೂ ಒಟ್ಟಿಗೆ ಕೆಡೋದು ಹತ್ತು ಸಾವಿರದಲ್ಲಿ ಒಂದು ಪಾಲು. ಲೆಕ್ಕ ಚೆನ್ನಾಗಿದೆ, ಸೇಲ್ಸ್ ಸ್ಲೈಡ್‌ನಲ್ಲಿ ಇನ್ನೂ ಚೆನ್ನಾಗಿ ಕಾಣುತ್ತೆ. ಷರತ್ತು ಏನಂದ್ರೆ ಒಂದು ಕೆಡೋದಕ್ಕೂ ಇನ್ನೊಂದು ಕೆಡೋದಕ್ಕೂ ಏನೂ ಸಂಬಂಧ ಇರಬಾರ್ದು. ಟ್ಯೂಬ್ ಸುಡೋ ವಿಷಯದಲ್ಲಿ ಹೆಚ್ಚುಕಮ್ಮಿ ಅದು ಸರಿ. ಸಾಫ್ಟ್‌ವೇರ್ ವಿಷಯದಲ್ಲಿ ಪೂರ್ತಿ ಉಲ್ಟಾ, ಒಂದೇ ಪ್ರೋಗ್ರಾಂ ಹತ್ತು ಮೆಷಿನ್ನಲ್ಲಿದ್ರೆ ತಪ್ಪೂ ಹತ್ತು ಕಡೆ ಅದೇ ಜಾಗದಲ್ಲಿ ಕೂತಿರುತ್ತೆ.

1970ರ ದಶಕದಲ್ಲಿ ಟ್ಯಾಂಡೆಮ್ ಅನ್ನೋ ಕಂಪನಿ ನಿಲ್ಲದ ಕಂಪ್ಯೂಟರ್ ಮಾಡ್ತೀವಿ ಅಂತಾನೇ ಹುಟ್ಕೊಂಡಿತು, ಮೆಷಿನ್ ಹೆಸರೇ ನಾನ್‌ಸ್ಟಾಪ್. ಅದನ್ನ ಕೊಂಡ್ಕೊಂಡೋರಲ್ಲಿ ಬ್ಯಾಂಕ್‌ಗಳು, ಷೇರು ಮಾರುಕಟ್ಟೆಗಳು ಇದ್ವು. ಅಲ್ಲಿ ಕೆಲಸ ಮಾಡ್ತಿದ್ದ ಜಿಮ್ ಗ್ರೇ 1985ರಲ್ಲಿ ಗ್ರಾಹಕರ ಕಡೆಯಿಂದ ಬಂದ ಔಟೇಜ್ ರಿಪೋರ್ಟ್‌ಗಳನ್ನ ವಿಂಗಡಿಸಿ ನೋಡಿದ್ರು. ಹಾರ್ಡ್‌ವೇರ್‌ನಿಂದ ಆಗಿದ್ದು 18% ಮಾತ್ರ. ಸಾಫ್ಟ್‌ವೇರ್ 25%. ಎಲ್ಲಕ್ಕಿಂತ ದೊಡ್ಡ ಪಾಲು, 42%, ಮನುಷ್ಯರು ಸಿಸ್ಟಂ ನಡೆಸೋದು, ಮೇಂಟೇನ್ ಮಾಡೋದು, ಕಾನ್ಫಿಗರ್ ಮಾಡೋದು. ನಲವತ್ತು ವರ್ಷದ ಹಿಂದಿನ ಈ ವಿಂಗಡಣೆ ಓದಿದ್ರೆ ಮೊನ್ನೆ ಮೊನ್ನೆ ಬರೆದಂಗಿದೆ. ಅದ್ರಲ್ಲೇ ಅವರು ಇನ್ನೊಂದು ಮಾತೂ ಹೇಳಿದ್ರು: ಟೆಸ್ಟಿಂಗ್ ದಾಟ್ಕೊಂಡು ಫೀಲ್ಡ್‌ಗೆ ಬಂದ ಬಗ್‌ಗಳಲ್ಲಿ ಬಹುಪಾಲು ಟೈಮಿಂಗ್ ಮೇಲೆ ನಿಂತಿರೋ ಥರದ್ದು, ಮತ್ತೆ ಟ್ರೈ ಮಾಡಿದ್ರೆ ಮಾಯ. ಅವರು ನೋಡಿದ 132 ಸಾಫ್ಟ್‌ವೇರ್ ದೋಷಗಳಲ್ಲಿ ಒಂದೇ ಒಂದು ಮಾತ್ರ ಪ್ರತಿ ಸಲವೂ ತಪ್ಪದೆ ಬರೋ ಬಗ್. ಹಾಗಾಗಿ ಎರಡನೇ ಮೆಷಿನ್ ಅದೇ ಪ್ರೋಗ್ರಾಂ ಇಟ್ಕೊಂಡು ಅದೇ ಕೆಲಸ ಮತ್ತೆ ಮಾಡಿದ್ರೆ ಸಾಮಾನ್ಯವಾಗಿ ದಾಟ್ಕೊಂಡು ಹೋಗುತ್ತೆ. ಇವತ್ತಿಗೂ ನಾವು ಸರ್ವರ್ ತಕರಾರು ಮಾಡಿದ್ರೆ ರೀಸ್ಟಾರ್ಟ್ ಕೊಡ್ತೀವಲ್ಲ, ಅದು ಕೆಲಸ ಮಾಡೋದರ ಗುಟ್ಟು ಇದೇನೇ.

ಆ ಉಳಿದ ಒಂದು ಇದೆಯಲ್ಲ, ಪ್ರತಿ ಸಲವೂ ಬರೋದು, ದೊಡ್ಡ ಅನಾಹುತ ಮಾಡಿರೋದು ಆ ಜಾತಿದು.

1996ರ ಜೂನ್ 4ರಂದು ಯುರೋಪಿನ ಏರಿಯಾನ್-5 ರಾಕೆಟ್ ಮೊದಲ ಸಲ ಹಾರಿ ನಲವತ್ತು ಸೆಕೆಂಡ್ ಆಗೋದ್ರೊಳಗೆ ಚೂರಾಯ್ತು. ಕಾರಣ ಬಹಳ ಜನಕ್ಕೆ ಗೊತ್ತು, 64 ಬಿಟ್‌ನ ಒಂದು ಸಂಖ್ಯೆಯನ್ನ 16 ಬಿಟ್‌ಗೆ ತುರುಕೋಕೆ ಹೋಗಿ ಜಾಗ ಸಾಲದೆ ಎರರ್. ಅಷ್ಟಾಗಿ ಯಾರೂ ಹೇಳದ ಭಾಗ ಏನಂದ್ರೆ, ಆ ನ್ಯಾವಿಗೇಷನ್ ಯೂನಿಟ್ ಎರಡಿದ್ವು, ಒಂದು ಕೆಟ್ರೆ ಇನ್ನೊಂದು. ಮುಖ್ಯ ಯೂನಿಟ್ ಕೈ ಎತ್ತಿದ ತಕ್ಷಣ ಫ್ಲೈಟ್ ಕಂಪ್ಯೂಟರ್ ಬ್ಯಾಕಪ್‌ಗೆ ಹೋಗೋಣ ಅಂತ ನೋಡಿದ್ರೆ ಅದು 72 ಮಿಲಿಸೆಕೆಂಡ್‌ನ ಹಿಂದಿನ ಸುತ್ತಲ್ಲೇ ಅದೇ ಕಾರಣಕ್ಕೆ ಆಫ್ ಆಗಿತ್ತು. ಎರರ್ ಬಂದ್ರೆ ಪ್ರೊಸೆಸರನ್ನೇ ನಿಲ್ಲಿಸ್ಬಿಡು ಅಂತ ಡಿಸೈನ್‌ನಲ್ಲಿ ಬರೆದಿದ್ರು, ಯಾಕಂದ್ರೆ ಕೆಡೋದು ಅಂದ್ರೆ ಹಾರ್ಡ್‌ವೇರ್ ಅಲ್ಲೊಂದು ಇಲ್ಲೊಂದು ಕೆಡೋದು, ಕೆಟ್ಟಿದ್ದನ್ನ ಆಫ್ ಮಾಡಿ ಒಳ್ಳೇದಕ್ಕೆ ಹೋದ್ರೆ ಆಯ್ತು ಅನ್ನೋ ಮನೋಭಾವ. ತನಿಖಾ ಸಮಿತಿ ಈ ಮನೋಭಾವವನ್ನೇ ಎತ್ತಿ ತೋರಿಸಿತ್ತು.

ಇದು ಹಳೇ ಕಥೆ ಅಂತ ತಳ್ಳಿಹಾಕೋಕೂ ಆಗಲ್ಲ, 2023ರ ಆಗಸ್ಟ್ 28ರಂದು ಬ್ರಿಟನ್ನಿನ ಏರ್ ಟ್ರಾಫಿಕ್ ವ್ಯವಸ್ಥೆಯಲ್ಲಿ ಆಗಿದ್ದು ಅಚ್ಚು ಇದೇ. ಲಾಸ್ ಏಂಜಲೀಸ್‌ನಿಂದ ಪ್ಯಾರಿಸ್‌ಗೆ ಹೋಗೋ ವಿಮಾನದ ಫ್ಲೈಟ್ ಪ್ಲ್ಯಾನ್ ಬಂತು, ಅದ್ರಲ್ಲಿ ಏನೂ ತಪ್ಪಿರ್ಲಿಲ್ಲ. ಆದ್ರೆ ದಾರಿಯಲ್ಲಿ ಬರೋ ಎರಡು ಜಾಗಗಳಿಗೆ ಒಂದೇ ಮೂರಕ್ಷರದ ಕೋಡ್, ಒಂದು ಅಮೆರಿಕದ ಡೆವಿಲ್ಸ್ ಲೇಕ್, ಇನ್ನೊಂದು ಫ್ರಾನ್ಸಿನ ಡೋವಿಲ್. ವಿಮಾನ ಬ್ರಿಟನ್ನಿನ ಆಕಾಶದಿಂದ ಹೊರಗೆ ಹೋಗೋ ಜಾಗ ಹುಡುಕ್ತಿದ್ದ ಸಾಫ್ಟ್‌ವೇರ್, ಫ್ರಾನ್ಸಿನದ್ದರ ಬದಲು ಅಮೆರಿಕದ್ದನ್ನ ಹಿಡ್ಕೊಳ್ತು, ಬ್ರಿಟನ್ ಪ್ರವೇಶಿಸೋದಕ್ಕಿಂತ ಮುಂಚೆನೇ ಹೊರಗೆ ಹೋದಂಗಾಯ್ತು, ತಲೆಬುಡ ಅರ್ಥ ಆಗದೆ, ತಪ್ಪು ಡೇಟಾ ಕಂಟ್ರೋಲರ್‌ಗಳಿಗೆ ಕಳಿಸೋದಕ್ಕಿಂತ ನಿಲ್ಲೋದೇ ವಾಸಿ ಅಂತ ನಿಂತ್ಕೊಂಡಿತು. ಅಲ್ಲೀವರೆಗೆ ಒಳ್ಳೇ ನಡವಳಿಕೆನೇ. ಆಮೇಲೆ ಬ್ಯಾಕಪ್ ಮೇಲೆದ್ದು, ಬಾಕಿ ಉಳಿದ ಕೆಲಸ ಏನಿದೆ ಅಂತ ಅದೇ ಪ್ಲ್ಯಾನನ್ನ ಕೈಗೆತ್ಕೊಂಡು, ಅದೇ ಕೋಡ್ ಓಡಿಸಿ, ಅದೇ ಜಾಗದಲ್ಲಿ ನಿಂತ್ಕೊಂಡಿತು. ಎರಡೂ ಸೇರಿ 20 ಸೆಕೆಂಡೂ ಹಿಡೀಲಿಲ್ಲ. ಫ್ಲೈಟ್ ಪ್ಲ್ಯಾನ್‌ಗಳನ್ನ ಜನ ಕೂತು ಕೈಯಲ್ಲಿ ತುಂಬೋ ಪರಿಸ್ಥಿತಿ ಬಂತು, ಏಳು ಲಕ್ಷಕ್ಕೂ ಹೆಚ್ಚು ಪ್ರಯಾಣಿಕರಿಗೆ ತೊಂದ್ರೆ ಆಯ್ತು. ಆ ಒಂದು ಪ್ಲ್ಯಾನನ್ನ ಪಕ್ಕಕ್ಕಿಟ್ಟು ಮುಂದಿನದಕ್ಕೆ ಹೋಗಿದ್ರೆ ಆಗ್ತಿತ್ತು, ಆ ಒಂದು ಸಾಲು ಅಲ್ಲಿ ಇರ್ಲಿಲ್ಲ.

ಹಾಗಾದ್ರೆ ಬ್ಯಾಕಪ್‌ಗೆ ಬೇರೆಯೇ ಸಾಫ್ಟ್‌ವೇರ್ ಬರೆಸಿದ್ರೆ ಆಯ್ತಲ್ಲ ಅನ್ಸುತ್ತೆ. ಸ್ಪೇಸ್ ಶಟಲ್‌ನಲ್ಲಿ ಹಾಗೇ ಮಾಡಿದ್ರು, ನಾಲ್ಕು ಕಂಪ್ಯೂಟರ್‌ಗಳಲ್ಲಿ ಐಬಿಎಂ ಬರೆದ ಸಾಫ್ಟ್‌ವೇರ್, ಐದನೇದರಲ್ಲಿ ರಾಕ್‌ವೆಲ್ ಬರೆದ ಬೇರೆ ಸಾಫ್ಟ್‌ವೇರ್. ಶಟಲ್‌ನ ಮೊದಲ ಹಾರಾಟ 1981ರ ಏಪ್ರಿಲ್ 10ಕ್ಕೆ ಇದ್ದದ್ದು ಎರಡು ದಿನ ಮುಂದಕ್ಕೆ ಹೋಗಿದ್ದೂ ಈ ಐದನೇದರಿಂದಲೇ, ಅದಕ್ಕೂ ಉಳಿದ ನಾಲ್ಕಕ್ಕೂ ಟೈಮಿಂಗ್ ಕೂಡಿ ಬರ್ಲಿಲ್ಲ. ಮೂವತ್ತು ವರ್ಷದಲ್ಲಿ 135 ಸಲ ಶಟಲ್ ಹಾರಿತು, ಹಾರಾಟದ ಮಧ್ಯೆ ಆ ಐದನೇ ಸಿಸ್ಟಂ ಒಂದು ಸಲವೂ ಕಂಟ್ರೋಲ್ ತಗೋಬೇಕಾಗಿ ಬರ್ಲಿಲ್ಲ. ದುಡ್ಡು ದಂಡ ಅಂತ ಹೇಳಲ್ಲ, ಆದ್ರೆ ಖರ್ಚು ಎಷ್ಟು ಅನ್ನೋದು ನೋಡಿ. ಮೇಲಾಗಿ ಜಾನ್ ನೈಟ್, ನ್ಯಾನ್ಸಿ ಲೆವೆಸನ್ ಅನ್ನೋರು 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಎರಡು ಯೂನಿವರ್ಸಿಟಿಗಳ ವಿದ್ಯಾರ್ಥಿಗಳು ಒಬ್ರನ್ನೊಬ್ರು ಕೇಳದೆ ಒಂದೇ ಪ್ರೋಗ್ರಾಂನ 27 ಆವೃತ್ತಿ ಬರೆದ್ರು, ಹತ್ತು ಲಕ್ಷ ಇನ್‌ಪುಟ್ ಕೊಟ್ಟು ಟೆಸ್ಟ್ ಮಾಡಿದಾಗ ಬೇರೆ ಬೇರೆ ಜನ ಒಂದೇ ಇನ್‌ಪುಟ್‌ಗೆ ಎಡವೋದು ಕಾಕತಾಳೀಯಕ್ಕಿಂತ ಬಹಳ ಜಾಸ್ತಿ ಇತ್ತು. ಕಷ್ಟದ ಜಾಗ ಎಲ್ರಿಗೂ ಕಷ್ಟವೇ.

ಇನ್ನು ಇವತ್ತಿನ ಕ್ಲೌಡ್‌ಗೆ ಬಂದ್ರೆ ತಲೆನೋವಿನ ಮೂಲ ಬೇರೆ: ಪಕ್ಕದ ಸರ್ವರ್ ಸತ್ತಿದೆಯಾ ಇಲ್ಲ ಉತ್ತರ ಕೊಡೋಕೆ ತಡ ಮಾಡ್ತಿದೆಯಾ ಅಂತ ನೆಟ್‌ವರ್ಕ್ ಮೇಲಿಂದ ಕಂಡುಹಿಡಿಯೋಕೆ ಆಗೋದೇ ಇಲ್ಲ. ಟೈಮ್‌ಔಟ್, ಅಂದ್ರೆ ಇಂತಿಷ್ಟು ಹೊತ್ತಲ್ಲಿ ಉತ್ತರ ಬರ್ಲಿಲ್ಲ ಅಂದ್ರೆ ಸತ್ತಿದೆ ಅಂದ್ಕೊಳ್ಳೋದು, ಊಹೆ ಅಷ್ಟೇ. 2018ರ ಅಕ್ಟೋಬರ್ 21ರಂದು ಪ್ರೋಗ್ರಾಮರ್‌ಗಳು ಕೋಡ್ ಇಟ್ಕೊಳ್ಳೋ ಗಿಟ್‌ಹಬ್ ಸೈಟ್‌ನಲ್ಲಿ ನೆಟ್‌ವರ್ಕ್ ಉಪಕರಣ ಬದಲಾಯಿಸೋವಾಗ ಅಮೆರಿಕದ ಪೂರ್ವ ಕರಾವಳಿಯ ಡೇಟಾ ಸೆಂಟರ್ 43 ಸೆಕೆಂಡ್ ಕಾಲ ಸಂಪರ್ಕ ಕಳ್ಕೊಂಡಿತು. ಆ 43 ಸೆಕೆಂಡಲ್ಲಿ ಆಟೋಮ್ಯಾಟಿಕ್ ಫೇಲ್‌ಓವರ್ ಸಾಫ್ಟ್‌ವೇರ್, ಅಂದ್ರೆ ಒಂದು ಕೆಟ್ರೆ ತಾನಾಗೇ ಇನ್ನೊಂದಕ್ಕೆ ಕೆಲಸ ದಾಟಿಸೋದು, ತನ್ನ ಕರ್ತವ್ಯ ಮಾಡಿ ಪಶ್ಚಿಮದ ಡೇಟಾಬೇಸನ್ನ ಯಜಮಾನ ಮಾಡ್ಬಿಡ್ತು. ಲಿಂಕ್ ವಾಪಸ್ ಬಂದಾಗ ಪೂರ್ವದಲ್ಲಿ ಕೆಲವು ಸೆಕೆಂಡ್‌ಗಳ ಡೇಟಾ ಪಶ್ಚಿಮಕ್ಕೆ ತಲುಪದೆ ಉಳಿದಿತ್ತು, ಪಶ್ಚಿಮದಲ್ಲಿ ಹೊಸದಾಗಿ ಬರೆದಿದ್ದು ಪೂರ್ವದಲ್ಲಿರ್ಲಿಲ್ಲ. ಯಾರ ಡೇಟಾನೂ ಕಳೀಬಾರ್ದು ಅಂತ ನಿಧಾನಕ್ಕೆ ಹೊಂದಿಸ್ತಾ ಕೂತ್ರು, ಸರಿಹೋಗೋಕೆ 24 ಗಂಟೆ 11 ನಿಮಿಷ. ಸುಮ್ನೆ ಏನೂ ಮಾಡ್ದೆ ಒಂದು ನಿಮಿಷ ಕಾದಿದ್ರೆ ಬಹುಶಃ ಯಾರಿಗೂ ನೆನಪೂ ಇರ್ತಿರ್ಲಿಲ್ಲ. ಆದ್ರೆ ಆ ಕ್ಷಣದಲ್ಲಿ ಅದು ಯಾರಿಗೆ ಗೊತ್ತಿರುತ್ತೆ?

2021ರ ಅಕ್ಟೋಬರ್ 4ರ ಫೇಸ್‌ಬುಕ್ ಪ್ರಕರಣವೂ ಇದೇ ಗುಂಪಿಗೆ. ಅವರ ಡಿಎನ್‌ಎಸ್ ಸರ್ವರ್‌ಗಳಿಗೆ, ಅಂದ್ರೆ ಸೈಟ್ ಹೆಸರು ಕೇಳಿದ್ರೆ ಅದರ ನೆಟ್‌ವರ್ಕ್ ವಿಳಾಸ ಹೇಳೋ ಸರ್ವರ್‌ಗಳಿಗೆ, ನಮಗೆ ಡೇಟಾ ಸೆಂಟರ್ ಸಿಗ್ತಿಲ್ಲ ಅಂದ್ರೆ ನಾವೇ ಕೆಟ್ಟಿದೀವಿ ಅಂತ ತಿಳ್ಕೊಂಡು ಇಂಟರ್ನೆಟ್‌ನಿಂದ ತಾವಾಗೇ ಹಿಂದೆ ಸರೀಬೇಕು ಅನ್ನೋ ನಿಯಮ ಇತ್ತು. ಒಂದು ಸರ್ವರ್‌ಗೆ ಇದು ಬುದ್ಧಿವಂತ ನಿಯಮ. ಮೇಂಟೆನೆನ್ಸ್‌ಗೆ ಕೊಟ್ಟ ಒಂದು ಕಮಾಂಡ್ ಡೇಟಾ ಸೆಂಟರ್‌ಗಳನ್ನ ಜೋಡಿಸೋ ಇಡೀ ಬ್ಯಾಕ್‌ಬೋನ್ ನೆಟ್‌ವರ್ಕನ್ನೇ ಕೆಡವಿದಾಗ ಎಲ್ಲ ಸರ್ವರ್‌ಗಳೂ ಒಟ್ಟಿಗೆ ನಾವೇ ಕೆಟ್ಟಿದೀವಿ ಅಂದ್ಕೊಂಡು ಸರಿದ್ವು, ಕಂಪನಿಯೇ ಇಂಟರ್ನೆಟ್‌ನಿಂದ ಮಾಯ, ರಿಪೇರಿ ಮಾಡೋ ಟೂಲ್‌ಗಳೂ ಅದೇ ನೆಟ್‌ವರ್ಕ್ ಮೇಲೆ ಇದ್ದಿದ್ರಿಂದ ಇಂಜಿನಿಯರ್‌ಗಳು ಡೇಟಾ ಸೆಂಟರ್‌ಗೆ ಖುದ್ದಾಗಿ ಹೋಗ್ಬೇಕಾಯ್ತು.

ಈಗ ಅಮೆಜಾನ್‌ನಲ್ಲಿ ಏನಾಯ್ತು ಅಂತ ಹತ್ತಿರದಿಂದ ನೋಡೋಣ. ಡೈನಮೋಡಿಬಿ ಅನ್ನೋ ಡೇಟಾಬೇಸ್ ಸೇವೆಯ ವಿಳಾಸ, ಅಂದ್ರೆ ಡಿಎನ್‌ಎಸ್ ದಾಖಲೆ, ಆಗಾಗ ಬದಲಾಗ್ತಾ ಇರುತ್ತೆ. ಪ್ಲ್ಯಾನರ್ ಅನ್ನೋ ಪ್ರೋಗ್ರಾಂ ಹೊಸ ಹೊಸ ಪ್ಲ್ಯಾನ್ ಬರೆಯುತ್ತೆ, ಎನ್ಯಾಕ್ಟರ್ ಅನ್ನೋದು ಅದನ್ನ ಜಾರಿ ಮಾಡುತ್ತೆ, ಈ ಎನ್ಯಾಕ್ಟರೇ ನಾನು ಮೊದಲು ಹೇಳಿದ ಮೂರು ಕಾಪಿ. ಒಂದು ಎನ್ಯಾಕ್ಟರ್ ಹಳೇ ಪ್ಲ್ಯಾನ್ ಹಿಡ್ಕೊಂಡು ಏನೋ ಅಡಚಣೆಯಿಂದ ತಡವಾಯ್ತು. ಶುರು ಮಾಡೋವಾಗ ಅದು ತನ್ನ ಪ್ಲ್ಯಾನ್ ಹೊಸದಾ ಅಂತ ಚೆಕ್ ಮಾಡಿತ್ತು, ಆಗ ಹೊಸದೇ. ಅಷ್ಟರಲ್ಲಿ ಇನ್ನೊಂದು ಎನ್ಯಾಕ್ಟರ್ ಇನ್ನೂ ಹೊಸ ಪ್ಲ್ಯಾನ್ ಹಾಕಿ ಮುಗಿಸ್ತು, ಮುಗಿಸಿ ಹಳೇ ಪ್ಲ್ಯಾನ್‌ಗಳನ್ನ ಗುಡಿಸೋಕೆ ಹೊರಟಿತು. ಅದೇ ಹೊತ್ತಿಗೆ ನಿಧಾನದ್ದು ತನ್ನ ಹಳೇ ಪ್ಲ್ಯಾನನ್ನ ಹೊಸದರ ಮೇಲೆ ಬರೆದ್ಬಿಡ್ತು. ಗುಡಿಸೋನು ಬಂದ, ಇದು ಬಹಳ ಹಳೇದು ಅಂತ ತೆಗೆದ. ಈಗ ಡೈನಮೋಡಿಬಿಯ ವಿಳಾಸ ಖಾಲಿ. ಮೇಲೆ, ಆ ಖಾಲಿ ಸ್ಥಿತಿಯಿಂದ ಬೇರೆ ಎನ್ಯಾಕ್ಟರ್‌ಗಳೂ ಮುಂದಕ್ಕೆ ಹೋಗೋಕಾಗದಂಗೆ ಸಿಕ್ಹಾಕ್ಕೊಂಡ್ವು, ಕೈಯಲ್ಲೇ ಸರಿಮಾಡ್ಬೇಕಾಯ್ತು. ಬೇಲಿಯೇ ಎದ್ದು ಹೊಲ ಮೇಯೋದು ಅಂದ್ರೆ ಇದೇ.

ಆ ವಿಳಾಸ ಸರಿಯಾಗೋಕೆ ಹಿಡಿದಿದ್ದು ಮೂರು ಗಂಟೆಗಿಂತ ಕಮ್ಮಿ. ಉಳಿದ ಸುಮಾರು ಹನ್ನೆರಡು ಗಂಟೆ ಬರೀ ಚೇತರಿಕೆ, ಮತ್ತೆ ನನ್ನ ಪ್ರಕಾರ ಅದೇ ಹೆಚ್ಚು ಕಲಿಯೋ ಭಾಗ. ವರ್ಚುವಲ್ ಸರ್ವರ್‌ಗಳನ್ನ ನೋಡ್ಕೊಳ್ಳೋ ವ್ಯವಸ್ಥೆ ಪ್ರತಿ ಮೆಷಿನ್ ಜೊತೆ ಒಂದು ಒಪ್ಪಂದ ಇಟ್ಕೊಂಡಿರುತ್ತೆ, ಆಗಾಗ ನವೀಕರಿಸ್ಬೇಕು. ಡೇಟಾಬೇಸ್ ಇಲ್ದಾಗ ಅವೆಲ್ಲ ಒಂದೊಂದಾಗಿ ಅವಧಿ ಮುಗಿದ್ವು, ವಾಪಸ್ ಬಂದಾಗ ಅಷ್ಟೂ ಒಟ್ಟಿಗೆ ನವೀಕರಣಕ್ಕೆ ಮುಗಿಬಿದ್ವು, ಒಂದು ಮುಗಿಯೋದ್ರೊಳಗೆ ಅದರ ಟೈಮ್‌ಔಟ್ ಆಗಿ ಮತ್ತೆ ಕ್ಯೂಗೆ. ಮೂಲ ತೊಂದ್ರೆ ಹೋದ್ರೂ ಸಿಸ್ಟಂ ತಾನೇ ತನ್ನನ್ನ ಕೆಳಗೆ ಹಿಡ್ಕೊಂಡಿತ್ತು. ಬರೋ ಕೆಲಸ ತಡೆದು, ಕೆಲವನ್ನ ರೀಸ್ಟಾರ್ಟ್ ಮಾಡಿ ಬಿಡಿಸ್ಬೇಕಾಯ್ತು. ಆಮೇಲೆ ಬರೋ ಕೆಲಸವನ್ನ ಸರ್ವರ್‌ಗಳಿಗೆ ಹಂಚೋ ಲೋಡ್ ಬ್ಯಾಲೆನ್ಸರ್‌ಗಳ ಹೆಲ್ತ್ ಚೆಕ್ ಶುರು ಹಚ್ಕೊಂಡಿತು, ನೆಟ್‌ವರ್ಕ್ ಸೆಟಪ್ ಇನ್ನೂ ಪೂರ್ತಿ ಆಗದ ಹೊಸ ಸರ್ವರ್‌ಗಳನ್ನ ಕೆಟ್ಟಿದೆ ಅಂತ ತೆಗೆಯೋದು, ಸರಿಯಿದೆ ಅಂತ ಸೇರಿಸೋದು, ಮತ್ತೆ ತೆಗೆಯೋದು. ಕೊನೆಗೆ ಇಂಜಿನಿಯರ್‌ಗಳು ಆ ಆಟೋಮ್ಯಾಟಿಕ್ ಫೇಲ್‌ಓವರನ್ನೇ ಆಫ್ ಮಾಡಿದ್ಮೇಲೆ ಸಮಾಧಾನ ಆಯ್ತು. ಪ್ಲ್ಯಾನರ್ ಮತ್ತೆ ಎನ್ಯಾಕ್ಟರ್ ಆಟೋಮೇಷನ್ನನ್ನೂ ಸರಿಪಡಿಸೋವರೆಗೆ ಜಗತ್ತಿನಾದ್ಯಂತ ನಿಲ್ಲಿಸಿದ್ರು.

ಮಧ್ಯೆ ಒಂದು ಮಾತು, ಡೇಟಾ ವಿಷಯಕ್ಕೆ ಬಂದ್ರೆ ಕಾಪಿ ಬೇರೆ ಬ್ಯಾಕಪ್ ಬೇರೆ. ತಪ್ಪಾಗಿ ಡಿಲೀಟ್ ಮಾಡಿದ್ರೆ ಕಾಪಿ ಅದನ್ನ ಅಷ್ಟೇ ನಿಷ್ಠೆಯಿಂದ ಡಿಲೀಟ್ ಮಾಡುತ್ತೆ. ಇನ್ನು ಬ್ಯಾಕಪ್ಪೇ ಇಲ್ದಿರೋರ ಕಥೆ ಕೇಳ್ಬೇಡಿ, 2025ರ ಸೆಪ್ಟೆಂಬರ್‌ನಲ್ಲಿ ದಕ್ಷಿಣ ಕೊರಿಯಾದ ಡೇಜೊನ್‌ನಲ್ಲಿರೋ ಸರ್ಕಾರಿ ಡೇಟಾ ಸೆಂಟರ್‌ನಲ್ಲಿ ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಿ, ಸರ್ಕಾರಿ ನೌಕರರ ಫೈಲ್‌ಗಳಿದ್ದ ಜಿ-ಡ್ರೈವ್ 858 ಟಿಬಿ ಡೇಟಾ ಸಮೇತ ಹೋಯ್ತು. ಗಾತ್ರ ಜಾಸ್ತಿ ಅಂತ ಹೊರಗೆ ಬ್ಯಾಕಪ್ ಇಟ್ಟಿರ್ಲಿಲ್ಲ. ಆ ಬ್ಯಾಟರಿಗಳು ಅಲ್ಲಿದ್ದಿದ್ದೇ ಕರೆಂಟ್ ಹೋದ್ರೆ ಸಿಸ್ಟಂ ನಿಲ್ಲಬಾರ್ದು ಅಂತ.

ಏನ್ ಮಾಡ್ಬಹುದು ಹಾಗಾದ್ರೆ? ಇನ್ನೊಂದು ಕಾಪಿ ಸೇರಿಸೋದು ಇಂಥದ್ದಕ್ಕೆಲ್ಲ ಉತ್ತರ ಅಲ್ಲ ಅಂತ ಇಂಜಿನಿಯರ್‌ಗಳಿಗೆ ಚೆನ್ನಾಗೇ ಗೊತ್ತಾಗಿದೆ. ಈಗ ಒತ್ತು ಇರೋದು ಬಿದ್ರೂ ಚಿಕ್ಕದಾಗಿ ಬೀಳೋ ಹಾಗೆ ಮಾಡೋದ್ರ ಮೇಲೆ. ಗ್ರಾಹಕರನ್ನ ಬೇರೆ ಬೇರೆ ಕೋಶಗಳಾಗಿ ಒಡೆದು, ಒಂದು ಕೋಶ ಕೆಟ್ರೆ ಉಳಿದವರಿಗೆ ತಾಗದಂಗೆ ಮಾಡೋದು. ಹೊಸ ಮಾಹಿತಿ ಸಿಗ್ಲಿಲ್ಲ ಅಂದ್ರೆ ಗಾಬರಿಯಾಗದೆ ಹಳೇದರ ಮೇಲೆ ಓಡ್ತಾ ಇರೋದು. ಒಂದೇ ಸಲಕ್ಕೆ ಇಂತಿಷ್ಟಕ್ಕಿಂತ ಜಾಸ್ತಿ ಸರ್ವರ್‌ಗಳನ್ನ ಆಟೋಮ್ಯಾಟಿಕ್ಕಾಗಿ ತೆಗೆಯೋ ಹಾಗಿಲ್ಲ ಅಂತ ಮಿತಿ ಹಾಕೋದು. ನೆಟ್‌ಫ್ಲಿಕ್ಸ್ ತನ್ನ ಸರ್ವರ್‌ಗಳನ್ನ ತಾನೇ ಬೇಕಂತ ಕೊಲ್ಲೋಕೆ ಕೇಯಾಸ್ ಮಂಕಿ ಅನ್ನೋ ಪ್ರೋಗ್ರಾಂ ಬಿಟ್ಟಿದ್ದು ಹೆಸರುವಾಸಿ, ಅದು ಒಂದೊಂದು ಸರ್ವರ್ ಸಾಯೋದನ್ನ ಚೆನ್ನಾಗಿ ಪರೀಕ್ಷೆ ಮಾಡುತ್ತೆ, ಎಲ್ಲ ಸರ್ವರ್‌ಗಳಿಗೂ ಒಟ್ಟಿಗೆ ತಲುಪೋ ತಪ್ಪನ್ನ ಹಿಡಿಯೋಕೆ ಅದರಿಂದಾಗಲ್ಲ.

ಆ ಕೊನೇದು ಇನ್ನೂ ಬಗೆಹರಿದಿಲ್ಲ. ಸಾಫ್ಟ್‌ವೇರ್ ಹೊಸ ಆವೃತ್ತಿಯನ್ನ ಮೊದಲು ಸ್ವಲ್ಪ ಮೆಷಿನ್‌ಗೆ ಹಾಕಿ ನೋಡಿ ಆಮೇಲೆ ಉಳಿದದ್ದಕ್ಕೆ ಬಿಡೋದು ಎಲ್ರೂ ಮಾಡ್ತಾರೆ, ಕಾನ್ಫಿಗ್ ಫೈಲ್, ಅಂದ್ರೆ ಪ್ರೋಗ್ರಾಂ ಹೇಗೆ ನಡ್ಕೋಬೇಕು ಅಂತ ಹೇಳೋ ಸೆಟ್ಟಿಂಗ್‌ಗಳ ಫೈಲ್ ಆದ್ರೆ ಮಾತ್ರ ಡೇಟಾ ತಾನೆ ಅಂತ ಒಂದೇ ಏಟಿಗೆ ಎಲ್ಲ ಕಡೆ ಕಳಿಸ್ತಾರೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಅನ್ನೋ ಸೆಕ್ಯೂರಿಟಿ ಕಂಪನಿ ಕಳಿಸಿ, ಸುಮಾರು 85 ಲಕ್ಷ ವಿಂಡೋಸ್ ಮೆಷಿನ್‌ಗಳನ್ನ ನೀಲಿ ಪರದೆಗೆ ತಳ್ಳಿದ್ದು ಇಂಥದ್ದೇ ಫೈಲ್. 2025ರ ನವೆಂಬರ್ 18ರಂದು ವೆಬ್‌ಸೈಟ್‌ಗಳ ಮುಂದೆ ಕಾವಲು ಕೂರೋ ಕ್ಲೌಡ್‌ಫ್ಲೇರ್ ಬಿದ್ದಿದ್ದು ಬಾಟ್‌ಗಳನ್ನ, ಅಂದ್ರೆ ಮನುಷ್ಯರ ಬದಲು ಸೈಟ್‌ಗೆ ಬರೋ ಪ್ರೋಗ್ರಾಂಗಳನ್ನ, ಗುರುತಿಸೋ ಫೈಲ್ ಮಿತಿ ಮೀರಿ ದೊಡ್ಡದಾಗಿ ಎಲ್ಲ ಸರ್ವರ್‌ಗೂ ಹೋಗಿದ್ರಿಂದ. ಇಂಥ ಫೈಲ್‌ಗಳನ್ನೂ ಹಂತ ಹಂತವಾಗಿ ಬಿಡೋ ಕೆಲಸ ಅಲ್ಲಿ ಶುರುವಾಗಿತ್ತು, ಮುಗಿಯೋಕೆ ಮುಂಚೆ ಡಿಸೆಂಬರ್ 5ರಂದು ಸುಮಾರು 25 ನಿಮಿಷ ಮತ್ತೆ ಬಿತ್ತು. ಆ ಸಲ ಬದಲಾವಣೆ ಮಾಡೋಕೆ ಹೋಗಿದ್ದು ವೆಬ್‌ಸೈಟ್ ಕಟ್ಟೋಕೆ ಬಳಸೋ ರಿಯಾಕ್ಟ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ಆಗಷ್ಟೇ ಬೆಳಕಿಗೆ ಬಂದ ಗಂಭೀರ ಸೆಕ್ಯೂರಿಟಿ ತೂತಿನಿಂದ ಗ್ರಾಹಕರನ್ನ ಕಾಪಾಡೋಕೆ. ದಾಳಿ ಮಾಡೋರು ಕಾಯಲ್ಲ, ಹಾಗಾಗಿ ಸೆಕ್ಯೂರಿಟಿ ತಂಡಕ್ಕೆ ಸೆಕೆಂಡ್‌ಗಳಲ್ಲಿ ಎಲ್ಲ ಕಡೆ ತಲುಪೋ ದಾರಿ ಬೇಕು, ಸಿಸ್ಟಂ ನಿಲ್ಲದಂಗೆ ನೋಡ್ಕೊಳ್ಳೋರಿಗೆ ಅಂಥ ದಾರಿ ಇರೋದೇ ಭಯ. ಎಷ್ಟು ನಿಧಾನ ಅಂದ್ರೆ ಸಾಕು ಅನ್ನೋದಕ್ಕೆ ಎರಡೂ ಕಡೆಯವರು ಒಪ್ಪೋ ಸಂಖ್ಯೆ ಸದ್ಯಕ್ಕಂತೂ ಇಲ್ಲ.